ಲಗೇಜ್ ಡಬ್ಬಾದ ಅಳತೆಕೋಲು

ನಮ್ಮ ಮನೆಯ ಗೋಡೆಯನ್ನು ಕದ್ದ ಮನುಷ್ಯ ತೀರಿಕೊಂಡ ಸುದ್ದಿ ಒಂದು ಬಿದಿರುಕೋಲಿನ ಜೊತೆಗೆ ಬಂತು. ಭಾನುವಾರ ಬೆಳಿಗ್ಗೆ ವಾಶಿಯ ನಮ್ಮ ಮೂರನೇ ಮಹಡಿಯ ಬಾಗಿಲು ತೆರೆದರೆ, ಆಳೆತ್ತರದ ಕೋಲು ಹಿಡಿದುಕೊಂಡು ಅಪರಿಚಿತನೊಬ್ಬ ಏದುಸಿರು ಬಿಡುತ್ತಿದ್ದ. ಶಹಾಡ್‌ನ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸದವನಂತೆ, ರಾಯಚೂರಿನ ಕಡೆಯವನಂತೆ.

"ಇದನ್ನ ಬಸ್ಸಿನ್ಯಾಗ ತರಬೇಕಾದ್ರ ಕಂಡಕ್ಟರನ ಕೂಡ ಜಗಳಾ ಆತ್ರಿ ಸಾಹೇಬ್ರ. ನಮ್ಮ ಪೇಂಟರ್ ಹೋಗಿಬಿಟ್ರು. ಮಂಗಳವಾರ. ಊಟದ ಸೂಟಿಯೊಳಗ ಪೆಟ್ಟಿಗಿ ಮ್ಯಾಲ ಕುಂತಾವ್ರು ಹಂಗ ಬಾಜೂಕ ವಾಲಿದ್ರು."

ಕೋಲಿಗೆ ಸುತಳಿಯಲ್ಲಿ ಒಂದು ರಟ್ಟಿನ ಚೂರು ಕಟ್ಟಿತ್ತು. ಅದರ ಮೇಲೆ ನಮ್ಮ ವಿಳಾಸ, ಸರಕಿನ ಪೆಟ್ಟಿಗೆಗಳ ಮೇಲೆ ಬರೆಯುವಂಥ ದಪ್ಪ ಕರಿ ಅಕ್ಷರಗಳಲ್ಲಿ. ಆ ಕೈಬರಹವನ್ನು ನಾನು ಎಲ್ಲಿದ್ದರೂ ಗುರುತಿಸುತ್ತಿದ್ದೆ. ಕೈ ಚಾಚಿದೆ. ಆತ ಕೋಲನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡ.

"ಅವ್ವಾರ ಕೈಗೆ ಮುಟ್ಟಸಬೇಕಂತ ಮೊದಲ ಹೇಳಿಟ್ಟಿದ್ರಿ. ನೀವು ಮಗಾ ಅಲ್ರಿ? ಮಗನ ಕೈಯಾಗ ಅಂತ ಹೇಳಿಲ್ಲ."

ಅಮ್ಮ ತರಕಾರಿಗೆ ಹೋಗಿದ್ದಳು. ಆತನಿಗೆ ಪಾಳಿಯ ಹೊತ್ತಾಗುತ್ತಿತ್ತು. ಕೊನೆಗೆ ಒಲ್ಲದ ಮನಸ್ಸಿನಿಂದ ಕೋಲನ್ನು ಗೋಡೆಗೆ ಆನಿಸಿ, ಅರ್ಧ ಲೋಟ ಚಹಾ ಕುಡಿದು ಹೊರಟುಹೋದ. ನಾನು ಕುರ್ಚಿಯ ಮೇಲೆ ಕೂತೆ. ಎಂಟು ವರ್ಷ ನಾನು ಈ ಮನುಷ್ಯನ ಜೊತೆ ಒಂದು ಮಾತೂ ಆಡಿರಲಿಲ್ಲ. ಆಡದಿರುವುದು ನನ್ನ ಹಕ್ಕು ಅಂದುಕೊಂಡಿದ್ದೆ. ನಾನು ಸಿಟ್ಟಿನ ಮನುಷ್ಯ. ಮೊದಲು ಸಿಟ್ಟು ಬರುತ್ತದೆ, ಯಾರ ಮೇಲೆ ಎಂಬುದನ್ನು ಆಮೇಲೆ ಹುಡುಕುತ್ತೇನೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಅವರು ಪೇಂಟರು. ಬಿಜಾಪುರದ ಕಡೆಯವರು, ಒಂಟಿ ಜೀವ, ಕಲ್ಯಾಣದಲ್ಲೊಂದು ಬಾಡಿಗೆ ಖೋಲಿ. ಚಿತ್ರ ಬರೆಯುವುದನ್ನು ಊರಲ್ಲಿ ಕ್ರಮವಾಗಿ ಕಲಿತು ಬಂದವರು. ಆದರೆ ಇಲ್ಲಿ ಅವರಿಗೆ ಅನ್ನ ಕೊಟ್ಟದ್ದು ಸರಕಿನ ಪೆಟ್ಟಿಗೆಗಳ ಮೇಲೆ ನಂಬರು, ಊರಿನ ಹೆಸರು, "ಈ ಬದಿ ಮೇಲೆ" ಎಂದು ಬರೆಯುವ ಕೆಲಸ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಸಂಘ ವರ್ಷಕ್ಕೆ ಎರಡು ನಾಟಕ ಆಡುತ್ತಿತ್ತು. ಮೂಗು ನೆಟ್ಟಗಿದೆ ಎಂಬ ಒಂದೇ ಕಾರಣಕ್ಕೆ ನಾನು ನಾಯಕ. ಮುಂಬಯಿಯಿಂದ ಬಾಡಿಗೆಗೆ ಮೂರು ಪರದೆ ಬರುತ್ತಿದ್ದವು: ಒಂದು ಬೀದಿ, ಒಂದು ಅರಮನೆ, ಒಂದು ಕಾಡು. ನಾಟಕ ಯಾವುದೇ ಆಗಿರಲಿ, ಕಥೆ ಈ ಮೂರರೊಳಗೇ ನಡೆಯಬೇಕು. ಅಂಥದೊಂದು ಪ್ರಯೋಗ ಮುಗಿದ ಮೇಲೆ ಉಗುರಿನ ಸಂದಿಯಲ್ಲೆಲ್ಲ ಕರಿ ಬಣ್ಣ ತುಂಬಿಕೊಂಡಿದ್ದ ಒಬ್ಬ ತೆಳ್ಳನೆಯ ಮನುಷ್ಯ ಒಳಗೆ ಬಂದು ನಮ್ಮ ಕಾರ್ಯದರ್ಶಿಯನ್ನು ಬಹಳ ವಿನಯದಿಂದ ಕೇಳಿದರು:

"ನಿಮ್ಮ ಕಾಡಿನ್ಯಾಗ ತೆಂಗಿನ ಗಿಡಾನೂ ಅದ, ಹಿಮಾ ಬಿದ್ದ ಗುಡ್ಡಾನೂ ಅದ. ಅದು ಯಾವ ಊರ ಕಾಡ್ರಿ?"

ಮುಂದಿನ ನಾಟಕದಿಂದ ನಮ್ಮ ರಂಗಸಜ್ಜಿಕೆಯೂ ಉಡುಪೂ ಅವರ ಪಾಲಿಗೆ ಬಿದ್ದವು.

ಈಗ ಗೋಡೆಗೆ ಆನಿಕೊಂಡಿದ್ದ ಈ ಕೋಲು ಆಗಲೇ ಅವರ ಕೈಯಲ್ಲಿತ್ತು. ಸಂಘಕ್ಕೆ ಸಾಮಾನು ಸಾಗಿಸಲು ಟೆಂಪೋ ಇಲ್ಲ, ಎಲ್ಲವೂ ಲೋಕಲ್ ಟ್ರೇನಿನ ಲಗೇಜ್ ಡಬ್ಬಾದಲ್ಲೇ ಹೋಗಬೇಕು. ಪೇಂಟರು ಮೊದಲ ದಿನವೇ ಕಲ್ಯಾಣ ಸ್ಟೇಷನ್ನಿಗೆ ಹೋಗಿ, ನಿಂತ ಗಾಡಿಯ ಲಗೇಜ್ ಡಬ್ಬಾದ ಬಾಗಿಲಿಗೆ ಬಿದಿರು ಹಿಡಿದು, ಎತ್ತರಕ್ಕೊಂದು ಅಗಲಕ್ಕೊಂದು ಕಚ್ಚು ಹಾಕಿಕೊಂಡು ಬಂದರು. ಆಮೇಲೆ ಅವರು ಕಟ್ಟಿದ ಅರಮನೆ, ಗುಡಿಸಲು, ಕೋರ್ಟು, ಎಲ್ಲವೂ ಆ ಕಚ್ಚಿನೊಳಗೇ. ಬಿದಿರಿನ ಚೌಕಟ್ಟಿಗೆ ಮಾದರಪಾಟ ಬಟ್ಟೆ ಬಿಗಿದು, ಗಂಜಿ ಬಳಿದು, ಅಂಟು ಕಲಸಿದ ಪುಡಿ ಬಣ್ಣದಲ್ಲಿ ಬರೆದ ತುಂಡುಗಳು. ನಾಟಕ ಮುಗಿದರೆ ಬಟ್ಟೆಯನ್ನು ತೊಳೆದು ಮುಂದಿನ ನಾಟಕಕ್ಕೆ ಅದನ್ನೇ ಬಿಗಿಯುವುದು. ಟೇಪು ಕೊಡಿಸುತ್ತೇವೆ ಅಂದರೂ ಬೇಡವೆನ್ನುತ್ತಿದ್ದರು. ಯಾವ ಹೊಸ ಅಳತೆ ಬೇಕಾದರೂ ಆ ಕೋಲಿನ ಮೇಲೇ ಒಂದು ಕಚ್ಚು. "ಟೇಪಿನ್ಯಾಗ ಎಲ್ಲಾ ಅಳತಿನೂ ಇರ್ತಾವ್ರಿ, ಅದಕ್ಕ ಯಾವುದೂ ನೆಪ್ಪ ಇರಂಗಿಲ್ಲ" ಎಂದು ನಗುತ್ತಿದ್ದರು.

ಒಮ್ಮೆ ಥಾಣೆಯಲ್ಲಿ ಪ್ರಯೋಗ. ಲಗೇಜ್ ಡಬ್ಬಾದಲ್ಲಿ ಮೀನಿನ ಬುಟ್ಟಿಯವರ ನಡುವೆ ನಮ್ಮ ಅರಮನೆ. ಒಬ್ಬಾಕೆ ಸಿಂಹಾಸನದ ಮೇಲೆ ಕೂತೇಬಿಟ್ಟಳು. ನಾನು ಸಿಡಿದೆ. ಪೇಂಟರು ನನ್ನ ತೋಳು ಹಿಡಿದು, "ಕೂಡ್ಲಿ ಬಿಡ್ರಿ, ಸಿಂಹಾಸನ ಗಟ್ಟಿ ಅದ ಇಲ್ಲ ಗೊತ್ತಾಗ್ತದ" ಅಂದರು. ಆ ದಿನ ನಮ್ಮ ರಾಣಿ ಇಡೀ ಮೂರು ದೃಶ್ಯ ಮೂಗಿಗೆ ಸೆರಗು ಹಿಡಿದೇ ಮಾತಾಡಿದಳು. ಪ್ರೇಕ್ಷಕರು ಅದನ್ನು ರಾಣಿಯ ದುಃಖವೆಂದು ತಿಳಿದರು.

ಉಡುಪಿನ ವಿಷಯದಲ್ಲಿ ಅವರದು ಇನ್ನೊಂದು ಹಟ. ಹೊಸ ಬಟ್ಟೆಯನ್ನು ರಂಗದ ಮೇಲೆ ಬಿಡುತ್ತಿರಲಿಲ್ಲ. "ಹೊಸಾ ಬಟ್ಟಿ ಮೈಯಿಂದ ದೂರ ನಿಂತಿರ್ತದ, ಬೀಗರ ಮನಿಗೆ ಬಂದಾವ್ರಂಗ" ಎನ್ನುತ್ತಿದ್ದರು. ನಟರು ಪಾತ್ರದ ಬಟ್ಟೆಯನ್ನು ಎಂಟು ದಿನ ಮೊದಲೇ ಹಾಕಿಕೊಂಡು ಲೋಕಲ್‌ನಲ್ಲಿ ಓಡಾಡಬೇಕು. ನೂಕುನುಗ್ಗಲಲ್ಲಿ ಅದು ಮೈಗೆ ಒಗ್ಗಬೇಕು. ನನಗೊಮ್ಮೆ ವಕೀಲನ ಪಾತ್ರ. ಕರಿ ಕೋಟು ಹೊಲಿಸಿ ಕೊಟ್ಟರು. ಮೊದಲ ದಿನ ಡೊಂಬಿವಲಿಯಲ್ಲಿ ಬಿಳಿ ಷರ್ಟು, ಕರಿ ಕೋಟಿನಲ್ಲಿ ಗಾಡಿ ಹತ್ತಿದೆ ನೋಡಿ, ಬಾಗಿಲಲ್ಲಿ ಜೋತಾಡುತ್ತಿದ್ದ ನಾಲ್ಕು ಜನ ಪಟಪಟನೆ ಕೆಳಗೆ ಹಾರಿದರು. ಒಳಗೆ ಒಬ್ಬ ಮುದುಕ ತಾನಾಗಿಯೇ ಎದ್ದು ಪಾಸು ತೋರಿಸಿದ. ಇನ್ನೊಬ್ಬ, "ಸಾಬ್, ಇವತ್ತೊಂದಿನ ಬಿಡಿ, ಹೆಂಡತಿಗೆ ಹುಷಾರಿಲ್ಲ" ಎಂದು ಮರಾಠಿಯಲ್ಲಿ ಗೋಗರೆದ. ನಾನು ಟೀಸಿ ಅಲ್ಲ ಎಂದು ಕಿರುಚಿದಷ್ಟೂ ಅವರಿಗೆ ಅನುಮಾನ ಹೆಚ್ಚಾಯಿತು. ಮೂರನೇ ದಿನ ನಿಜವಾದ ಟೀಸಿಯೇ ಬಂದು ಕಾಲರು ಹಿಡಿದ. ಅವನಿಗೆ ನಾಟಕದ ಕಥೆಯೆಲ್ಲ ಹೇಳಿ ಬಿಡಿಸಿಕೊಂಡು ಬರುವಷ್ಟರಲ್ಲಿ ಆಫೀಸಿಗೆ ಒಂದು ತಾಸು ತಡ. ಸಂಜೆ ಪೇಂಟರ ಮೇಲೆ ಕೂಗಾಡಿದೆ. ಅವರು ನನ್ನ ಸುತ್ತ ಒಂದು ಸುತ್ತು ಬಂದು, ಎಳೆದಾಡಿ ಜೋತುಬಿದ್ದಿದ್ದ ಕಾಲರನ್ನು ಮುಟ್ಟಿ ನೋಡಿ, "ಈಗ ಆತ್ರಿ. ಇದನ್ನ ಇಸ್ತ್ರಿ ಮಾಡಬ್ಯಾಡ್ರಿ" ಅಂದರು.

ಇಂಥವರನ್ನು ಮನೆಗೆ ಕರೆಯದಿರುವುದು ಹೇಗೆ? ಆಗ ನಾವಿದ್ದದ್ದು ಡೊಂಬಿವಲಿಯ ಚಾಳಿನಲ್ಲಿ, ಸಾಲು ಖೋಲಿಗಳ ವಠಾರದಲ್ಲಿ. ಅಮ್ಮ ಮತ್ತು ನಾನು, ಒಂದೇ ಖೋಲಿ. ಭಾನುವಾರದ ಊಟಕ್ಕೆ ಪೇಂಟರು ಬರತೊಡಗಿದರು. ಉಡುಪಿಯ ಕಡೆಯ ನಮ್ಮ ಸಾರು, ಕುಚ್ಚಲಕ್ಕಿ ಅನ್ನ ಅವರಿಗೆ ಹೊಸದು. ಆದರೂ ಎರಡು ಸಲ ಬಡಿಸಿಕೊಳ್ಳುತ್ತಿದ್ದರು. ಯಾವಾಗಲೂ ಬಾಗಿಲ ಪಕ್ಕದ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. "ಪಾಪದ ಮನುಷ್ಯ. ಹೆಂಗಸರ ಮುಖ ಎತ್ತಿ ನೋಡುದಿಲ್ಲ" ಎಂದು ಅಮ್ಮನ ಮೆಚ್ಚುಗೆ.

ಆ ಗೋಡೆಯ ಬಗ್ಗೆ ಹೇಳಬೇಕು. ಅಲ್ಲೊಂದು ಮೊಳೆ, ಮೊಳೆಗೊಂದು ಕ್ಯಾಲೆಂಡರು. ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನ ಏಳು ಗೆರೆಗಳು. ನನ್ನ ತಂಗಿಯನ್ನು ಪ್ರತಿ ವರ್ಷ ಶಾಲೆ ತೆರೆಯುವ ದಿನ ಗೋಡೆಗೆ ನಿಲ್ಲಿಸಿ, ನೆತ್ತಿಯ ಮೇಲೆ ಅಡಿಕೋಲಿಟ್ಟು ಅಪ್ಪ ಎಳೆಯುತ್ತಿದ್ದ ಗೆರೆಗಳು. ಏಳನೆಯ ಗೆರೆ ಎಳೆದ ವರ್ಷ ಮಳೆಗಾಲದಲ್ಲಿ ಅವಳಿಗೆ ಕಾಮಾಲೆಯಾಯಿತು. ಹದಿನೈದು ದಿನ ಆಸ್ಪತ್ರೆ, ಆಮೇಲೆ ಇಲ್ಲ. ಹನ್ನೊಂದು ವರ್ಷದ ಹುಡುಗಿ. ಹದಿಮೂರನೇ ದಿನ ಕಳೆದ ಮೇಲೆ ಅಪ್ಪ ಆ ಗೆರೆಗಳ ಮೇಲೆ ಮೊಳೆ ಹೊಡೆದು ಕ್ಯಾಲೆಂಡರು ತೂಗುಹಾಕಿದರು. ಎರಡು ವರ್ಷದಲ್ಲಿ ಅಪ್ಪನೂ ಹೋದರು. ಪ್ರತಿ ಜನವರಿಯಲ್ಲಿ ನಾನು ಕಣ್ಣು ಬೇರೆಡೆ ಮಾಡಿಕೊಂಡು ಹಳೆ ಕ್ಯಾಲೆಂಡರು ತೆಗೆದು ಹೊಸದನ್ನು ಹಾಕುತ್ತಿದ್ದೆ. ನಮ್ಮ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಸಂಘದಲ್ಲಿ ನನಗೊಬ್ಬ ತಂಗಿಯಿದ್ದಳೆಂಬುದೇ ಯಾರಿಗೂ ಗೊತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ನಾವು ಒಂದು ಹೊಸ ನಾಟಕ ಎತ್ತಿಕೊಂಡೆವು, ಚಾಳಿನ ಒಂದೇ ಖೋಲಿಯ ಸಂಸಾರದ ಕಥೆ. ತಾಲೀಮು ಪೂರ್ತಿ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಗೆರೆಗಳ ನಡುವೆಯೇ. ಸಜ್ಜಿಕೆಯನ್ನು ಪ್ರಯೋಗದ ದಿನದವರೆಗೂ ನಟರಿಗೆ ತೋರಿಸದಿರುವುದು ಪೇಂಟರ ಪದ್ಧತಿ. "ಮನಿ ಅಂದ್ರ ಒಳಗ ಬಂದ ಮ್ಯಾಲನ ಕಾಣಬೇಕ್ರಿ" ಎನ್ನುತ್ತಿದ್ದರು. ಭಾನುವಾರ ಮಧ್ಯಾಹ್ನ, ಡೊಂಬಿವಲಿಯ ಶಾಲೆಯೊಂದರ ಸಭಾಗೃಹ. ಅಮ್ಮ ಮೊದಲ ಸಾಲಿನಲ್ಲಿ ಕೂತಿದ್ದಳು. ಆಫೀಸಿನಿಂದ ಮನೆಗೆ ಬರುವ ಗುಮಾಸ್ತನ ಪಾತ್ರ ನನ್ನದು. ಪರದೆ ಎದ್ದಿತು, ನಾನು ಬಾಗಿಲು ನೂಕಿಕೊಂಡು ಒಳಗೆ ಬಂದೆ.

ಬಂದದ್ದು ನಮ್ಮ ಮನೆಗೆ. ಮೇಲೆ ಹೊಗೆ ಕುಡಿದು ಕಂದಾಗಿದ್ದ ಅದೇ ಮೂಲೆ. ಸೋರಿ ಸೋರಿ ಗೋಡೆಯ ಮೇಲೆ ಮೂಡಿದ್ದ ಅದೇ ಕಲೆ. ಕ್ಯಾಲೆಂಡರನ್ನು ಮೊಳೆಯಿಂದ ಒಂದು ಗೇಣು ಪಕ್ಕಕ್ಕೆ ಸರಿಸಿ ಹಾಕಿದ್ದರು. ಅದರ ಜಾಗದಲ್ಲಿ, ದೀಪದ ಬೆಳಕಿನಲ್ಲಿ, ಇಡೀ ಸಭೆಗೆ ಕಾಣುವಂತೆ ಏಳು ಗೆರೆಗಳು.

ಮೊದಲ ಮಾತು ಬಾಯಿಗೆ ಬರಲಿಲ್ಲ, ಎರಡನೆಯದೂ ಬರಲಿಲ್ಲ. ಒಳಗಿನಿಂದ ಸಂಭಾಷಣೆ ಎತ್ತಿಕೊಡುತ್ತಿದ್ದವರ ಪಿಸುಮಾತು ಸಭೆಗೇ ಕೇಳುವಷ್ಟಾಯಿತು. ಅಷ್ಟರಲ್ಲಿ ಮೊದಲ ಸಾಲಿನಿಂದ ಅಮ್ಮ ಎದ್ದಳು. ಪಕ್ಕದ ಮೆಟ್ಟಿಲು ಹತ್ತಿ, ಸೆರಗು ಸರಿಮಾಡಿಕೊಂಡು, ನಮ್ಮ ಮನೆಯಲ್ಲಿ ನಡೆಯುವಂತೆಯೇ ರಂಗದ ಮೇಲೆ ನಡೆದು ಬಂದು ಆ ಗೋಡೆಯ ಮುಂದೆ ನಿಂತಳು. ಏಳನೇ ಗೆರೆಯ ಮೇಲೆ ಅಂಗೈ ಇಟ್ಟಳು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಸಭೆ ಅದೂ ನಾಟಕವೆಂದೇ ತಿಳಿದು ಚಪ್ಪಾಳೆ ಹೊಡೆಯಿತು. ಆ ಚಪ್ಪಾಳೆಯ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ನಾನು ಅಮ್ಮನ ಮುಖ ನೋಡಲಿಲ್ಲ. ತೋಳು ಹಿಡಿದು ಒಳಗೆ ಎಳೆದುಕೊಂಡು ಹೋಗಿ ಯಾರದೋ ಕೈಗೊಪ್ಪಿಸಿ ಮನೆಗೆ ಕಳಿಸಿದೆ. ಹೋಗುವಾಗ ಅವಳು ಆ ಕೈಯನ್ನು ಮುಷ್ಟಿ ಮಾಡಿಕೊಂಡಿದ್ದಳು. ನಾಟಕವನ್ನು ಹೇಗೆ ಮುಗಿಸಿದೆನೋ ದೇವರಿಗೇ ಗೊತ್ತು.

ಮುಗಿದದ್ದೇ ತಡ ಪೇಂಟರ ಅಂಗಿ ಹಿಡಿದೆ. "ಉಂಡ ಮನೆಯ ಕ್ಯಾಲೆಂಡರು ಎತ್ತಿ ನೋಡ್ತೀರಾ? ನಿಮಗೆ ಮನೆ ಮಠ ಇಲ್ಲ ಅಂತ ನಮ್ಮ ಮನೆಯನ್ನ ಊರಿಗೆಲ್ಲ ತೋರಿಸ್ತೀರಾ? ನಮ್ಮ ಅಮ್ಮನ ಹೊಟ್ಟೆ ಉರಿಸಿ ನಿಮಗೆ ಚಪ್ಪಾಳೆ ಬೇಕಿತ್ತಾ?" ಇನ್ನೂ ಏನೇನೋ ಅಂದೆ. ಇಲ್ಲಿ ಬರೆಯಲು ನಾಚಿಕೆಯಾಗುವಂಥದ್ದು. ಅವರು ಒಂದು ಸಲ ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು.

"ತಪ್ಪಾತ್ರಿ" ಅಂದರು. ಅಷ್ಟೇ.

"ಈಗಲೇ ಒರೆಸಿ. ನನ್ನ ಕಣ್ಣೆದುರು."

ಶಾಲೆಯ ಹಿಂದಿನ ನೀರಿನ ಟಾಕಿಯ ಹತ್ತಿರ ಅವರು ಚೌಕಟ್ಟಿನಿಂದ ಬಟ್ಟೆ ಬಿಚ್ಚಿ, ಕುಕ್ಕರಗಾಲಲ್ಲಿ ಕೂತು, ನಮ್ಮ ಗೋಡೆಯನ್ನು ತೊಳೆದರು. ಕಂದು ನೀರು ಮೋರಿಗೆ ಹರಿದುಹೋಯಿತು. ನಾನು ನಿಂತು ನೋಡಿದೆ. "ಇನ್ನು ನಮ್ಮ ಮನೆಯ ಹೊಸ್ತಿಲು ತುಳಿಯಬೇಡಿ" ಎಂದು ಹೇಳಿ ಹೊರಟುಬಂದೆ.

ಅಲ್ಲಿಗೂ ನನ್ನ ಸಿಟ್ಟು ಇಳಿಯಲಿಲ್ಲ. ಮರುದಿನ ಅಮ್ಮ ರೇಶನ್ನಿಗೆ ಹೋಗಿದ್ದಾಗ, ಇನ್ನು ಯಾರೂ ಇದನ್ನು ನೋಡುವುದು ಬೇಡ, ಅಮ್ಮನೂ ನೋಡಿ ನೋಯುವುದು ಬೇಡ ಎಂದು, ಕ್ಯಾಲೆಂಡರು ತೆಗೆದು ಆ ಗೆರೆಗಳ ಮೇಲೆ ಎರಡು ಕೈ ಸುಣ್ಣ ಹೊಡೆದುಬಿಟ್ಟೆ. ಅಮ್ಮ ಬಂದವಳು ಚೀಲ ಕೆಳಗಿಡದೆ ಹಸಿ ಸುಣ್ಣವನ್ನು ನೋಡುತ್ತ ಬಹಳ ಹೊತ್ತು ನಿಂತಳು. ನೆಲದ ಮೇಲಿದ್ದ ಕ್ಯಾಲೆಂಡರನ್ನು ಎತ್ತಿ ಅದೇ ಮೊಳೆಗೆ ಹಾಕಿ ಅಡುಗೆಗೆ ಹೋದಳು. ನಾನು ಮಾಡಿದ್ದು ಸರಿ ಅಂದುಕೊಂಡೆ.

ಮುಂದಿನ ಭಾನುವಾರ ಅವಳು, "ಪೇಂಟರು ಬರ್ಲಿಲ್ವಾ?" ಎಂದು ಕೇಳಿದಳು. ಅವರಿಗೆ ಪಾಳಿ ಬದಲಾಗಿದೆ ಎಂದು ಸುಳ್ಳು ಹೇಳಿದೆ. ಪೇಂಟರು ಸಂಘಕ್ಕೆ ಬರುವುದನ್ನೂ ಬಿಟ್ಟರು. ನಾವು ಮತ್ತೆ ಬಾಡಿಗೆಯ ಪರದೆಗಳಿಗೆ ಮರಳಿದೆವು. ಒಂದೆರಡು ಸಲ ಕಲ್ಯಾಣ ಸ್ಟೇಷನ್ನಿನಲ್ಲಿ ಎದುರು ಪ್ಲಾಟ್‌ಫಾರ್ಮಿನ ಮೇಲೆ ಆ ಕೋಲು ಕಂಡಿತ್ತು, ಜನರ ತಲೆಗಳ ಮೇಲೆ. ನಾನು ಪೇಪರಿನಲ್ಲಿ ಮುಖ ಹುದುಗಿಸಿಕೊಂಡೆ. ಆಮೇಲೆ ಚಾಳು ಕೆಡವಿದರು. ನಾವು ವಾಶಿಗೆ ಬಂದೆವು. ಹೊಸ ವಿಳಾಸವನ್ನು ಸಂಘದಲ್ಲಿ ಬರೆಸಿದ್ದೆ, ಪೇಂಟರಿಗೆ ಅಲ್ಲಿಂದಲೇ ಸಿಕ್ಕಿರಬೇಕು.

ಇದೆಲ್ಲ ನೆನಪಾಗುತ್ತ ಕೂತಿರುವಾಗ ಬಾಗಿಲು ಸದ್ದಾಯಿತು. ಅಮ್ಮ ತರಕಾರಿ ಚೀಲ ಹಿಡಿದು ಒಳಗೆ ಬಂದವಳು ಗೋಡೆಗೆ ಆನಿಸಿದ್ದ ಕೋಲನ್ನು ಕಂಡಳು. ಮುಖ ಅರಳಿತು.

"ಪೇಂಟರು ಬಂದಿದ್ದಾರಾ? ಎಲ್ಲಿ? ಕೂತ್ಕೊಳ್ಳಿಕ್ಕೆ ಹೇಳ್ಲಿಲ್ವಾ ನೀನು?"

ಹೇಳಿದೆ. ಅವಳು ಚೀಲದ ಸಮೇತ ನೆಲದ ಮೇಲೆ ಕೂತಳು. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಒಂದು ಬದಿ ಬಿಟ್ಟು ಇನ್ನೊಂದು ಬದಿಗೆ ತಿರುಗಿಸಿ, ಹೆಬ್ಬೆರಳಿನಿಂದ ಸವರುತ್ತ ಹೋದಳು.

"ಉಂಟು. ಏಳೂ ಉಂಟು" ಅಂದಳು.

ನಾನು ಬಗ್ಗಿ ನೋಡಿದೆ. ಆ ಬದಿಯಲ್ಲಿ ಉಗುರಿನ ಗೀರಿನಂಥ ಏಳು ಸಣ್ಣ ಕಚ್ಚುಗಳು. ಎಷ್ಟೋ ಸಲ ಆ ಕೋಲಿನ ಒಂದು ತುದಿ ಹಿಡಿದು ನಾನೇ ಅವರಿಗೆ ನೆರವಾಗಿದ್ದೆ. ನೋಡಿರಲಿಲ್ಲ.

"ಕದ್ದು ಅಳತೆ ಬೇರೆ ತೆಗೆದಿದ್ದಾರೆ" ಎಂಬ ಮಾತು ಬಾಯಿಂದ ಹೊರಟೇಹೋಯಿತು. ಹಳೆಯ ಸಿಟ್ಟು.

ಅಮ್ಮ ತಲೆ ಎತ್ತಿದಳು. "ಕದ್ದದ್ದು ಎಂತ? ನಾನೇ ತೋರಿಸಿದ್ದು ಮಾರಾಯ. ನೀನು ಪಾನ್ ತರ್ಲಿಕ್ಕೆ ಹೋಗಿದ್ದಿ. ಕ್ಯಾಲೆಂಡರ್ ಎತ್ತಿ ಹಿಡಿದದ್ದು ನಾನು, ಅವರು ಕೋಲು ಇಟ್ಟು ಗುರುತು ಮಾಡಿದ್ದು. ಅವಳಿಗೆ ನಾಟಕ ಅಂದ್ರೆ ಪ್ರಾಣ, ಒಂದು ಸಲವೂ ಸ್ಟೇಜು ಹತ್ತಲಿಲ್ಲ ಅಂತ ಹೇಳಿದೆ. ನಾನು ಹತ್ತಿಸ್ತೇನೆ ಅಮ್ಮಾ ಅಂತ ಅವರೇ ಹೇಳಿದರು."

"ಹಾಗಾದರೆ ಅವತ್ತು ಎದ್ದು ಬಂದದ್ದು?"

"ಎತ್ತರ ಸರಿ ಉಂಟಾ ಅಂತ ನೋಡ್ಲಿಕ್ಕೆ. ಸರಿ ಇತ್ತು. ಅಷ್ಟೊತ್ತಿಗೆ ನೀನು ಕೈ ಹಿಡಿದು ಎಳೆದಿ."

"ನನಗೆ ಯಾಕೆ ಹೇಳಲಿಲ್ಲ?"

"ಅವಳ ಮಾತು ತೆಗೆದರೆ ನೀನು ಚಪ್ಪಲಿ ಹಾಕ್ಕೊಂಡು ಹೊರಗೆ ಹೋಗ್ತಿದ್ದಿ. ನಿನ್ನ ಅಪ್ಪನೂ ಹಾಗೇ. ಯಾರ ಹತ್ತಿರ ಹೇಳುದು? ಅವರು ಕೂತು ಕೇಳಿದರು. ನಾನು ತೋರಿಸಿದ್ದು ಅಂತ ಮಗನಿಗೆ ಹೇಳ್ಬೇಡಿ, ಅವನಿಗೆ ತಡೆಯುದಿಲ್ಲ ಅಂತ ನಾನೇ ಅವರ ಕೈ ಹಿಡಿದು ಹೇಳಿದ್ದೆ."

ಅಂಗಿ ಹಿಡಿದಾಗ ಅವರು ತೆರೆದು ಮುಚ್ಚಿದ ಬಾಯಿ ನೆನಪಾಯಿತು. ಒಂದೇ ಒಂದು ಮಾತು ಸಾಕಿತ್ತು ಅವರಿಗೆ. ನಿಮ್ಮ ಅಮ್ಮನನ್ನೇ ಕೇಳಿ ಅಂದಿದ್ದರೆ ಸಾಕಿತ್ತು. ಅದನ್ನು ಹೇಳದೆ ನನ್ನ ಬೈಗುಳ ತಿಂದು, ಬಟ್ಟೆ ತೊಳೆದು, ಎಂಟು ವರ್ಷ ಭಾನುವಾರದ ಊಟ ಬಿಟ್ಟು, ಪೆಟ್ಟಿಗೆಯ ಮೇಲೆ ಕೂತು ಸತ್ತರು.

"ಪಾಳಿ ಬದಲಾಯ್ತು ಅಂದಿದ್ದಿ. ಎಂಟು ವರ್ಷ ಒಂದೇ ಪಾಳಿಯಾ?" ಎಂದು ಅಮ್ಮ ಮೆಲ್ಲಗೆ ಕೇಳಿದಳು.

ಎಲ್ಲ ಹೇಳಿದೆ. ಅಂಗಿ ಹಿಡಿದದ್ದು, ತೊಳೆಸಿದ್ದು, ಹೊಸ್ತಿಲು ತುಳಿಯಬೇಡಿ ಅಂದದ್ದು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಗೋಡೆ ಹಿಡಿದು ಎದ್ದು, ಕೋಲನ್ನು ಬಾಗಿಲ ಪಕ್ಕ ನೆಟ್ಟಗೆ ನಿಲ್ಲಿಸಿದಳು. ಹಳೆಯ ರೂಢಿಯಂತೆ ಇಲ್ಲಿಯೂ ನಾನು ಕ್ಯಾಲೆಂಡರು ಹಾಕಿದ್ದು ಅಲ್ಲೇ.

"ಅದನ್ನು ತೆಗಿ. ಪೆನ್ಸಿಲ್ ತಾ. ನಾನು ಹಿಡಿತೇನೆ, ನೀನು ಗೆರೆ ಎಳಿ."

ಮೊಣಕಾಲೂರಿ ಕೂತು ಒಂದೊಂದೇ ಕಚ್ಚಿನ ಎದುರು ಗೆರೆ ಎಳೆದೆ. ಪ್ರತಿ ಗೆರೆಗೂ ಅಮ್ಮ ಹೇಳುತ್ತ ಹೋದಳು: ಇದು ಮೊದಲ ಹಲ್ಲು ಬಿದ್ದ ವರ್ಷ, ಇದು ಅಪ್ಪ ಹೊಸ ಚೀಲ ತಂದ ವರ್ಷ. ಆರು ಗೆರೆ ಸರಿಯಾಗಿ ಬಂದವು. ಏಳನೆಯ ಕಚ್ಚು ಮಾತ್ರ ಓರೆಯಾಗಿತ್ತು.

"ಇಲ್ಲಿ ಚಾಕು ಜಾರಿದೆ" ಅಂದೆ.

"ಜಾರಿದ್ದಲ್ಲ" ಅಂದಳು ಅಮ್ಮ. "ಆ ವರ್ಷ ಪುಷ್ಪ ಹಿಮ್ಮಡಿ ಎತ್ತಿ ನಿಂತಿದ್ದಳು, ನಿನ್ನ ಭುಜಕ್ಕೆ ಬರ್ಬೇಕು ಅಂತ. ಅಪ್ಪನಿಗೆ ಗೊತ್ತಾಗ್ಲಿಲ್ಲ. ಅದನ್ನೂ ಅವರಿಗೆ ಹೇಳಿದ್ದೆ. ಓರೆಯಾಗಿಯೇ ಎಳಿ."

ಅಮ್ಮನ ಬಾಯಲ್ಲಿ ಆ ಹೆಸರನ್ನು ಕೇಳಿ ಹದಿನಾಲ್ಕು ವರ್ಷವಾಗಿತ್ತು. ಓರೆಯಾಗಿಯೇ ಎಳೆದೆ.